ಬ್ಯಾಡ್ಜ್ ಬಿಡಿ, ಬಾನೆಟ್ ಎತ್ತಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಕೈಗೆಟುಕುವ ಬೆಲೆಗೆ ಒಂದು ಕ್ರಾಸ್‌ಓವರ್ ಬೇಕು, ಹೊಸದು ತಗೊಳ್ಳೋದಾ, ಸೆಕೆಂಡ್ ಹ್ಯಾಂಡ್ ತಗೊಳ್ಳೋದಾ, ಯಾವುದು ನಡುದಾರಿಯಲ್ಲಿ ಕೈ ಕೊಡೋದಿಲ್ಲ ಅಂತ. ಹಾಗಾಗಿ ಬೈಕಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೈಕಿನವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಶೋರೂಮಿನವರು ಇದು ಎಸ್‌ಯುವಿ ಅಂತಾರೆ. ನನ್ನ ಮಗ ಅಲ್ಲ, ಕ್ರಾಸ್‌ಓವರ್ ಅಂತ ಹಟ ಮಾಡ್ತಾನೆ. ಯಾರು ಸರಿ?

ಉತ್ತರ: ಮಗನೇ ಸರಿ. ಹಳೇ ಕಾಲದ ಎಸ್‌ಯುವಿಗೆ ಲಾರಿಯ ಹಾಗೆ ಕೆಳಗೊಂದು ಉಕ್ಕಿನ ಚಾಸಿ ಇರುತ್ತದೆ, ಬಾಡಿಯನ್ನು ಅದರ ಮೇಲೆ ಕೂರಿಸಿ ಬೋಲ್ಟ್ ಬಿಗಿದಿರುತ್ತಾರೆ. ಕ್ರಾಸ್‌ಓವರ್‌ನಲ್ಲಿ ಚಾಸಿ ಬೇರೆ, ಬಾಡಿ ಬೇರೆ ಅಂತ ಇಲ್ಲ. ಮಾಮೂಲಿ ಕಾರಿನ ಹಾಗೆ ಎಲ್ಲ ಸೇರಿ ಒಂದೇ ಡಬ್ಬಿ, ಸ್ವಲ್ಪ ಎತ್ತರ ಮಾಡಿರುತ್ತಾರೆ ಅಷ್ಟೇ. 1994ರಲ್ಲಿ ಟೊಯೋಟಾ ಆರ್‌ಎವಿ4 ಬಂದಾಗ ಅದರ ಒಳಗಿದ್ದದ್ದು ಕೊರೊಲ್ಲಾ, ಕರೀನಾ ಕಾರುಗಳ ಸಾಮಾನು. 1995ರ ಹೋಂಡಾ ಸಿಆರ್-ವಿ ಹುಟ್ಟಿದ್ದು ಸಿವಿಕ್‌ನಿಂದ, 1997ರ ಸುಬರು ಫಾರೆಸ್ಟರ್ ಇಂಪ್ರೆಜಾದಿಂದ.

ಇದು ಸುಮ್ನೆ ಪಾಂಡಿತ್ಯದ ಮಾತಲ್ಲ, ನಿಮ್ಮ ಜೇಬಿನ ಮಾತು. ನೀವು ನೋಡ್ತಿರೋ ಕ್ರಾಸ್‌ಓವರ್ ಯಾವ ಕಾರಿನ ಮೇಲೆ ಕಟ್ಟಿದ್ದು ಅಂತ ಮೊದಲು ಕೇಳಿ. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಇರುವ ಹ್ಯಾಚ್‌ಬ್ಯಾಕ್ ಅದೇ ಕಂಪನಿಯಲ್ಲಿ ಎಷ್ಟೋ ಕಡಿಮೆಗೆ ಸಿಗಬಹುದು. ಎತ್ತರದ ಸೀಟು ನಿಮ್ಮ ಮಂಡಿಗೆ ನಿಜವಾಗಿ ಬೇಕಾ, ಇಲ್ಲ ಪಕ್ಕದ ಮನೆಯವರ ಕಣ್ಣಿಗೆ ಬೇಕಾ, ನೀವೇ ಯೋಚಿಸಿ. ಮಂಡಿಗೆ ಬೇಕು ಅಂದ್ರೆ ಕ್ರಾಸ್‌ಓವರ್ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ನನ್ನ ಹತ್ತಿರ ಇರೋ ದುಡ್ಡಿಗೆ ಹೊಸ ಕ್ರಾಸ್‌ಓವರಿನ ಬೇಸ್ ಮಾಡೆಲ್ ಬರುತ್ತೆ, ಇಲ್ಲವೇ ಮೂರು ವರ್ಷ ಹಳೆಯ, ಅದಕ್ಕಿಂತ ದೊಡ್ಡ ಗಾಡಿಯ ಟಾಪ್ ಮಾಡೆಲ್ ಬರುತ್ತೆ. ಎಲ್ಲರೂ ಹಳೆಯದೇ ಲಾಭ ಅಂತಾರೆ. ನಿಜವಾ?

ಉತ್ತರ: ಎಲ್ಲರೂ ಹೇಳೋದು ಅರ್ಧ ನಿಜ. ಹೊಸ ಗಾಡಿಯ ಬೆಲೆ ಮೊದಲ ಎರಡು ಮೂರು ವರ್ಷಗಳಲ್ಲೇ ಹೆಚ್ಚು ಇಳಿಯುತ್ತದೆ, ಆ ಪೆಟ್ಟನ್ನು ಬೇರೆಯವರು ತಿಂದ ಮೇಲೆ ನೀವು ಕೊಂಡರೆ ಒಳ್ಳೇದು ಅನ್ನೋದು ಲೆಕ್ಕ. ಆದರೆ ಎಲ್ಲ ಗಾಡಿಗಳ ಬೆಲೆಯೂ ಒಂದೇ ವೇಗದಲ್ಲಿ ಇಳಿಯೋದಿಲ್ಲ. ಇಲ್ಲೇ ಜನ ಎಡವುತ್ತಾರೆ.

ಒಂದು ಕಾಗದ ತಗೊಳ್ಳಿ. ಸುಮ್ನೆ ಲೆಕ್ಕಕ್ಕೆ ಅಂತ ಹೊಸ ಗಾಡಿ 100 ಅಂದುಕೊಳ್ಳಿ. ಹತ್ತು ವರ್ಷ ಓಡಿಸಿ 20ಕ್ಕೆ ಮಾರಿದರೆ ಹೋದದ್ದು 80, ಅಂದರೆ ವರ್ಷಕ್ಕೆ 8. ಅದೇ ಗಾಡಿ ಮೂರು ವರ್ಷದ್ದು 65ಕ್ಕೆ ಸಿಕ್ಕಿತು, ಏಳು ವರ್ಷ ಓಡಿಸಿ ಅದೇ 20ಕ್ಕೆ ಮಾರಿದಿರಿ ಅಂದರೆ ಹೋದದ್ದು 45, ವರ್ಷಕ್ಕೆ ಆರೂವರೆಗಿಂತ ಕಡಿಮೆ. ಹಳೆಯದೇ ಗೆದ್ದಿತು, ಅಲ್ವಾ? ಈಗ ಒಳ್ಳೆ ಹೆಸರಿರುವ, ರೀಸೇಲ್ ವ್ಯಾಲ್ಯೂ ಜಾಸ್ತಿ ಇರುವ ಗಾಡಿ ನೋಡಿ. ಅಂಥದ್ದು ಮೂರು ವರ್ಷವಾದರೂ 80ರ ಕೆಳಗೆ ಇಳಿಯೋದಿಲ್ಲ ಅಂತ ಇಟ್ಟುಕೊಳ್ಳಿ. ಅದನ್ನೂ ಕೊನೆಗೆ 20ಕ್ಕೇ ಮಾರಿದರೆ ಏಳು ವರ್ಷಕ್ಕೆ 60 ಹೋಯಿತು, ವರ್ಷಕ್ಕೆ ಎಂಟೂವರೆ! ಹೊಸದಕ್ಕಿಂತ ದುಬಾರಿ, ಅದೂ ವಾರಂಟಿ ಕರಗಿಹೋದ ಮೇಲೆ. ಇದರ ಮೇಲೆ ಹೊಸ ಟೈರ್, ಬ್ರೇಕ್ ಪ್ಯಾಡ್, ಬ್ಯಾಟರಿ ಇವೆಲ್ಲ ಬೀಳುವ ಹೊತ್ತೂ ಸರಿಯಾಗಿ ಅದೇ ಮೂರು ನಾಲ್ಕನೇ ವರ್ಷ. ಸಾಲ ಮಾಡೋದಾದರೆ ಹಳೇ ಗಾಡಿಗೆ ಬಡ್ಡಿ ಸಾಮಾನ್ಯವಾಗಿ ಜಾಸ್ತಿ, ಅದನ್ನೂ ಸೇರಿಸಿ.

ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ತಿರುವುಮುರುವು. ಎಲ್ಲರೂ ಹೊಗಳುವ ಗಾಡಿಯೇ ಬೇಕು ಅಂದರೆ ಹೊಸದನ್ನೇ ತಗೊಂಡು ಹತ್ತು ವರ್ಷ ಓಡಿಸಿ. ಸೆಕೆಂಡ್ ಹ್ಯಾಂಡ್‌ಗೆ ಹೋದರೆ, ಚೆನ್ನಾಗಿದ್ದೂ ಯಾರೂ ಮಾತಾಡದ ಗಾಡಿ ಹುಡುಕಿ. ಲಾಭ ಇರೋದು ಅಲ್ಲಿ. ಇನ್ನು ನೀವು ಹೇಳಿದ ದೊಡ್ಡ ಗಾಡಿಯ ಟಾಪ್ ಮಾಡೆಲ್ ಬಗ್ಗೆ ಒಂದು ಮಾತು. ಬೆಲೆ ಇಳಿದಿರೋದು ಗಾಡಿಯದ್ದು ಮಾತ್ರ, ಬಿಡಿಭಾಗದ್ದಲ್ಲ. ದೊಡ್ಡ ಚಕ್ರಕ್ಕೆ ದೊಡ್ಡ ಟೈರು, ದೊಡ್ಡ ಬಿಲ್ಲು. ಗಾಜಿನ ಛಾವಣಿ, ಕರೆಂಟಿನ ಡಿಕ್ಕಿ ಬಾಗಿಲು ಇವೆಲ್ಲ ಎಂಟನೇ ವರ್ಷದಲ್ಲಿ ಮಾತಾಡೋಕೆ ಶುರು ಮಾಡುತ್ತವೆ.

ಪ್ರಶ್ನೆ: ಜಪಾನಿನ ಕಂಪನಿ ಅಂದರೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು ಅಂತ ನಮ್ಮ ಭಾವ ಹೇಳ್ತಾರೆ. ಕೊರಿಯಾದ್ದು, ಯುರೋಪಿನದ್ದು ಬೇಡವೇ ಬೇಡ ಅಂತಾರೆ. ಏನಂತೀರಿ?

ಉತ್ತರ: ಭಾವನವರಿಗೆ ನಮಸ್ಕಾರ ಹೇಳಿ, ಆದರೆ ಕಣ್ಣು ಮುಚ್ಚಬೇಡಿ. ಗಾಡಿ ಓಡೋದು ಮುಂದೆ ಅಂಟಿಸಿದ ಬ್ಯಾಡ್ಜ್‌ನಿಂದಲ್ಲ. ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ವರ್ಷ, ಈ ಮೂರು ಸೇರಿದಾಗ ಮಾತ್ರ ನಂಬಿಕೆಯ ಮಾತು ಬರುತ್ತದೆ. ಒಂದೇ ಕಂಪನಿಯ ಒಂದೇ ಹೆಸರಿನ ಎರಡು ಗಾಡಿಗಳಲ್ಲಿ ಒಂದು ಬಂಗಾರ, ಇನ್ನೊಂದು ಮೇಲೆ ಥಳುಕು ಒಳಗೆ ಹುಳುಕು ಆಗಿರಬಹುದು.

ನಿಸಾನ್ ಜಪಾನಿನದ್ದೇ ತಾನೆ? ಅದರ ಸಿವಿಟಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳ ತಕರಾರು ಎಷ್ಟಿತ್ತೆಂದರೆ, ಅಮೆರಿಕದಲ್ಲಿ 2003ರಿಂದ 2010ರವರೆಗಿನ ಸಿವಿಟಿ ಗಾಡಿಗಳಿಗೆ, ಮುರಾನೋ, ರೋಗ್ ಕ್ರಾಸ್‌ಓವರ್‌ಗಳೂ ಸೇರಿ, ಗೇರ್‌ಬಾಕ್ಸ್ ವಾರಂಟಿಯನ್ನು 10 ವರ್ಷ ಅಥವಾ 1,20,000 ಮೈಲಿಗೆ ವಿಸ್ತರಿಸಬೇಕಾಯಿತು. ಸುಬರು ಕೂಡ 2017ರಲ್ಲಿ ಅಲ್ಲೇ ತನ್ನ ಕೆಲವು ಸಿವಿಟಿ ಮಾಡೆಲ್‌ಗಳಿಗೆ 10 ವರ್ಷ ಅಥವಾ 1,00,000 ಮೈಲಿಗೆ ಹಿಗ್ಗಿಸಿತು. ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿ, ಅವುಗಳ ನಡುವೆ ಉಕ್ಕಿನ ಬೆಲ್ಟ್ ಅಥವಾ ಚೈನು. ಬೆಲ್ಟ್ ಜಾರದ ಹಾಗೆ ಹಿಡಿದಿಡಬೇಕು, ಬಿಸಿ ಏರಬಾರದು, ಆಯಿಲ್ ಕೊಳೆಯಾಗಬಾರದು. ಹಗುರ ಕಾರಿಗೆ ಇದು ಕಷ್ಟವಲ್ಲ. ಮೈ ಭಾರದ ಕ್ರಾಸ್‌ಓವರ್‌ಗೆ ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿ ಗುಡ್ಡ ಹತ್ತಿಸಿದರೆ ಕಷ್ಟ. 'ಲೈಫ್‌ಟೈಮ್ ಆಯಿಲ್, ಬದಲಿಸೋದೇ ಬೇಡ' ಅಂತ ಯಾರಾದರೂ ಹೇಳಿದರೆ ಯಾರ ಲೈಫ್ ಅಂತ ಕೇಳಿ.

ಹೋಂಡಾ ಸಿಆರ್-ವಿಯ 1.5 ಲೀಟರ್ ಟರ್ಬೊ (ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ) ಎಂಜಿನ್ನಿನ ಕತೆ ಇನ್ನೂ ವಿಚಿತ್ರ. ಆಯಿಲ್ ಕಡಿಮೆಯಾಗೋದನ್ನು ಕೇಳಿದ್ದೀವಿ, ಜಾಸ್ತಿಯಾಗೋದು ಕೇಳಿದ್ದೀರಾ? ಚಳಿ ಪ್ರದೇಶದಲ್ಲಿ, ಎಂಜಿನ್ ಸರಿಯಾಗಿ ಬಿಸಿಯಾಗೋಕೂ ಮೊದಲೇ ಮುಗಿದುಹೋಗುವ ಪುಟ್ಟ ಓಡಾಟದಲ್ಲಿ, ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆ ಜಾರಿ ಆಯಿಲ್‌ಗೆ ಸೇರುತ್ತಿತ್ತು. 2018ರಲ್ಲಿ ಚೀನಾದಲ್ಲಿ ಇದಕ್ಕಾಗಿ ಗಾಡಿಗಳನ್ನು ವಾಪಸ್ ಕರೆದರು. ಬೆಚ್ಚಗಿನ ಜಾಗದಲ್ಲಿ ದಿನಾ ದೂರ ಓಡಿದ ಅದೇ ಎಂಜಿನ್‌ಗೆ ಆ ತೊಂದರೆ ಅಷ್ಟಾಗಿ ಕಾಣೋದಿಲ್ಲ. ಅಂದರೆ ಗಾಡಿ ಎಲ್ಲಿ, ಹೇಗೆ ಓಡಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ಕೊರಿಯಾ ಕಡೆ ಬಂದರೆ ಹ್ಯುಂಡೈ, ಕಿಯಾದ ಥೀಟಾ 2 ಎಂಜಿನ್, 2.4 ಲೀಟರ್ ಮತ್ತು 2.0 ಟರ್ಬೊ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಕಡೆಯುವಾಗ ಉಳಿದ ಲೋಹದ ಪುಡಿ ಆಯಿಲ್ ದಾರಿಗೆ ಅಡ್ಡ ಕೂತು, ಬೇರಿಂಗ್ ಸವೆದು ಎಂಜಿನ್ ಜಾಮ್ ಆಗುತ್ತಿತ್ತು. 2015ರಲ್ಲಿ ಸೊನಾಟಾದಿಂದ ಶುರುವಾದ ರೀಕಾಲ್ (ಗಾಡಿ ವಾಪಸ್ ಕರೆಸಿ ಸರಿಮಾಡಿಕೊಡೋದು) 2017ರಲ್ಲಿ ಸಾಂಟಾ ಫೆ ಸ್ಪೋರ್ಟ್, ಸೊರೆಂಟೊ, ಸ್ಪೋರ್ಟೇಜ್‌ಗಳಿಗೂ ಹಬ್ಬಿತು. ಆದರೆ ಅದೇ ಎರಡು ಕಂಪನಿಗಳ, ಟರ್ಬೊ ಇಲ್ಲದ ಚಿಕ್ಕ ಪೆಟ್ರೋಲ್ ಎಂಜಿನ್ ಜೊತೆಗೆ ಮಾಮೂಲಿ ಟಾರ್ಕ್ ಕನ್ವರ್ಟರ್ (ಹಲ್ಲಿನ ಗೇರಿನ ಹಳೇ ಶೈಲಿಯ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ಇರುವ ಗಾಡಿಯನ್ನು ನಾನು ಧೈರ್ಯವಾಗಿ ಕೊಳ್ಳುತ್ತೇನೆ. ಒಂದು ಎಂಜಿನ್ ಕೆಟ್ಟಿತು ಅಂತ ಇಡೀ ದೇಶಕ್ಕೇ ಬರೆ ಎಳೆಯೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನನ್ನ ಆಯ್ಕೆ ಕೇಳಿದರೆ, ಹಳೇ ಕ್ರಾಸ್‌ಓವರ್‌ಗಳಲ್ಲಿ ಮೊದಲು ನೋಡೋದು ಮಾಜ್ದಾ ಸಿಎಕ್ಸ್-5. 2012ರಲ್ಲಿ ಬಂತು. ಟರ್ಬೊ ಇಲ್ಲದ 2.0, 2.5 ಲೀಟರ್ ಪೆಟ್ರೋಲ್, ಆರು ಗೇರಿನ ಮಾಮೂಲಿ ಆಟೋಮ್ಯಾಟಿಕ್. ಪಿಕಪ್ ಬಗ್ಗೆ ಯಾರೂ ಕವಿತೆ ಬರೆಯೋದಿಲ್ಲ, ಹಿಂದಿನ ಸೀಟು ಸ್ವಲ್ಪ ಇಕ್ಕಟ್ಟು. ಆದರೆ ಕೆಡೋಕೆ ಅದರಲ್ಲಿ ಜಾಸ್ತಿ ಏನೂ ಇಲ್ಲ. ಅದರ ಡೀಸೆಲ್ ಬೇರೆ ಮಾತು, ಅದನ್ನು ಇದರ ಜೊತೆ ಗಂಟು ಹಾಕಬೇಡಿ.

ಪ್ರಶ್ನೆ: 1.0 ಲೀಟರ್ ಟರ್ಬೊದ ಸಣ್ಣ ಕ್ರಾಸ್‌ಓವರ್ ಒಂದು ಬಹಳ ಅಗ್ಗಕ್ಕೆ ಬಂದಿದೆ, 80,000 ಕಿ.ಮೀ. ಓಡಿದೆ. ಮೆಕ್ಯಾನಿಕ್ 'ಬೆಲ್ಟ್ ಆಯಿಲ್ ಒಳಗಿದೆ, ಬೇಡ' ಅಂದರು. ಬೆಲ್ಟ್ ಆಯಿಲ್ ಒಳಗಿರೋದು ಹೇಗೆ?

ಉತ್ತರ: ನಿಮ್ಮ ಮೆಕ್ಯಾನಿಕ್ ಒಳ್ಳೆಯವರು, ಬಿಡಬೇಡಿ ಅವರನ್ನ. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಮಾಮೂಲಿಯಾಗಿ ಎಂಜಿನ್ನಿನ ಹೊರಗೆ ಒಣಗಿರುತ್ತದೆ. ಘರ್ಷಣೆ ಕಡಿಮೆ ಮಾಡಿ ಮೈಲೇಜ್ ಹೆಚ್ಚಿಸೋಣ ಅಂತ ಕೆಲವು ಕಂಪನಿಗಳು ಅದನ್ನು ಎಂಜಿನ್ ಆಯಿಲ್‌ನಲ್ಲೇ ಮುಳುಗಿಸಿದವು. ಫೋರ್ಡ್‌ನ 1.0 ಇಕೋಬೂಸ್ಟ್, ಪೆಜೊ 2008, 3008 ಮತ್ತು ಸಿಟ್ರೊಯೆನ್, ಒಪೆಲ್ ಗಾಡಿಗಳಿಗೆ ಬಂದ 1.2 ಪ್ಯೂರ್‌ಟೆಕ್ ಇಂಥವು. ಆಯಿಲ್ ಹಳೆಯದಾದರೆ, ಇಲ್ಲವೇ ತಪ್ಪು ಗ್ರೇಡಿನದ್ದು ಹಾಕಿದರೆ ಬೆಲ್ಟಿನ ರಬ್ಬರು ಉಬ್ಬಿ, ಪುಡಿಪುಡಿಯಾಗಿ, ಕೆಳಗೆ ಆಯಿಲ್ ಎಳೆಯುವ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಎಂಜಿನ್‌ಗೆ ಆಯಿಲ್ ಸಿಗೋದಿಲ್ಲ. ಮುಂದಿನದ್ದು ಹೇಳಬೇಕಾಗಿಲ್ಲ.

ಪೆಜೊ, ಸಿಟ್ರೊಯೆನ್, ಒಪೆಲ್‌ಗಳ ಒಡೆಯ ಸ್ಟೆಲಾಂಟಿಸ್ ಕಂಪನಿ 2024ರಲ್ಲಿ ಯುರೋಪಿನಲ್ಲಿ ಪ್ಯೂರ್‌ಟೆಕ್‌ನ ಈ ತೊಂದರೆಗೆ 10 ವರ್ಷ ಅಥವಾ 1,75,000 ಕಿ.ಮೀ.ವರೆಗೆ ತಾನೇ ಹೊಣೆ ಅಂತ ಒಪ್ಪಿಕೊಂಡಿತು. ಷರತ್ತು ಏನು ಗೊತ್ತಾ? ಸರ್ವಿಸ್ ಸರಿಯಾದ ಹೊತ್ತಿಗೆ ಮಾಡಿಸಿದ ದಾಖಲೆ. ಆ ದಾಖಲೆ ಇದ್ದರೆ, ಬೆಲ್ಟ್ ಬದಲಿಸಿದ ಬಿಲ್ಲೂ ಇದ್ದರೆ ಮಾತಾಡಿ. ಬರೀ ಬಾಯಿಮಾತಾದರೆ ಬಿಟ್ಟುಬಿಡಿ. ಅಗ್ಗ ಅಂತ ತಂದು ಎಂಜಿನ್ ಬಿಚ್ಚಿಸೋದು ಯಾಕೆ?

ಪ್ರಶ್ನೆ: ಒಂದು ಸಮೀಕ್ಷೆಯಲ್ಲಿ ಮೇಲಿರುವ ಕಂಪನಿ ಇನ್ನೊಂದರಲ್ಲಿ ಕೆಳಗಿರುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಎಲ್ಲರೂ ಅಳೆಯೋದು ಒಂದೇ ವಸ್ತುವನ್ನಲ್ಲ. ಜೆ.ಡಿ. ಪವರ್‌ನವರ ಬಾಳಿಕೆ ಸಮೀಕ್ಷೆ ಮೂರು ವರ್ಷದ ಗಾಡಿಗಳದ್ದು, 100 ಗಾಡಿಗೆ ಎಷ್ಟು ತೊಂದರೆ ಅಂತ ಎಣಿಸುತ್ತಾರೆ. ಫೋನು ಬ್ಲೂಟೂತ್‌ಗೆ ಸೇರಲಿಲ್ಲ ಅನ್ನೋದೂ ಒಂದು, ಗೇರ್‌ಬಾಕ್ಸ್ ಹೋಯ್ತು ಅನ್ನೋದೂ ಒಂದು. ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಮಾಲೀಕರನ್ನೇ ಕೇಳಿ, ದೊಡ್ಡ ರಿಪೇರಿಗೆ ಹೆಚ್ಚು ತೂಕ ಕೊಡುತ್ತಾರೆ. ಜರ್ಮನಿಯ ಟಿಯುವಿ ವರದಿ ಕಡ್ಡಾಯ ತಪಾಸಣೆಯ ಲೆಕ್ಕ. ಅಲ್ಲಿ ಬ್ರೇಕು, ಲೈಟು, ಸಸ್ಪೆನ್ಷನ್, ಹೊಗೆ ಇವನ್ನು ನೋಡುತ್ತಾರೆ, ಗೇರ್‌ಬಾಕ್ಸ್ ಎಷ್ಟು ದಿನ ಬಾಳುತ್ತೆ ಅಂತಲ್ಲ. ಕಂಪನಿಯ ರ‍್ಯಾಂಕ್ ಬಿಟ್ಟು, ನೀವು ನೋಡ್ತಿರೋ ಮಾಡೆಲ್ಲು, ಆ ವರ್ಷ, ಅದರ ಎಂಜಿನ್ ಮತ್ತು ಗೇರ್‌ಬಾಕ್ಸ್ ಕಾಲಂ ಓದಿ.

ಪ್ರಶ್ನೆ: ಹಳೇ ಗಾಡಿ ನೋಡೋಕೆ ಹೋದಾಗ ಬಾನೆಟ್ ಎತ್ತಿ ತಲೆ ಆಡಿಸಿ ಬರ್ತೀನಿ, ಏನೂ ಗೊತ್ತಾಗಲ್ಲ. ನನ್ನಂಥವರು ಏನು ನೋಡಬೇಕು?

ಉತ್ತರ: ನಿಮ್ಮ ಪ್ರಾಮಾಣಿಕತೆ ಇಷ್ಟವಾಯಿತು. ನಾನೂ ಹಾಗೇ ತಲೆ ಆಡಿಸಿ ಒಮ್ಮೆ ಟೋಪಿ ಹಾಕಿಸಿಕೊಂಡಿದ್ದೇನೆ. ಮಾರುವವರು ನಾನು ಹೋಗುವ ಹೊತ್ತಿಗೆ ಗಾಡಿ ಸ್ಟಾರ್ಟ್ ಮಾಡಿ, ತೊಳೆದು, ಬಿಸಿ ಮಾಡಿ ನಿಲ್ಲಿಸಿದ್ದರು. ಎಷ್ಟು ಮರ್ಯಾದಸ್ಥರು ಅಂದುಕೊಂಡೆ! ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದಾಗ ಮೂರು ಸೆಕೆಂಡು ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಟೈಮಿಂಗ್ ಚೈನ್ ಸಡಿಲವಾಗಿತ್ತು. ಬಿಸಿಯಾದ ಮೇಲೆ ಸದ್ದೇ ಇಲ್ಲ. ಆವತ್ತಿನಿಂದ ಬಾನೆಟ್ ಮೇಲೆ ಕೈ ಇಟ್ಟು ನೋಡುತ್ತೇನೆ, ಬೆಚ್ಚಗಿದ್ದರೆ 'ನಾಳೆ ಬರ್ತೀನಿ, ಮುಟ್ಟಬೇಡಿ' ಅಂತ ಹೇಳಿ ಬಂದುಬಿಡುತ್ತೇನೆ.

ಇನ್ನೊಂದು ಪತ್ತೇದಾರಿ ಕೆಲಸ ಟೈರಿನಲ್ಲಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೀಟರ್ 25,000 ಕಿ.ಮೀ. ತೋರಿಸುತ್ತದೆ, ಆದರೆ ನಾಲ್ಕೂ ಟೈರು ಗಾಡಿಗಿಂತ ಮೂರು ವರ್ಷ ಕಿರಿಯವು. ಅಷ್ಟು ಬೇಗ ಟೈರ್ ಯಾಕೆ ಬದಲಾಯಿತು? ಮೀಟರ್ ಹಿಂದಕ್ಕೆ ತಿರುಗಿಸಿರಬಹುದು. ಸ್ಟೀರಿಂಗ್ ಚರ್ಮ, ಪೆಡಲ್ಲಿನ ರಬ್ಬರು ಏನು ಹೇಳುತ್ತವೆ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ನೀರಿನಲ್ಲಿ ಮುಳುಗಿದ ಗಾಡಿಯ ಎಲ್ಲ ಭಾಗ ತೊಳೆದಿರುತ್ತಾರೆ, ಬೆಲ್ಟಿನ ಬುಡದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದ್ದರೂ ಅನುಮಾನ ಪಡಿ.

ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಒಬಿಡಿ ಸ್ಕ್ಯಾನರ್ ಒಂದು ಇರಲಿ, ಚಿಕ್ಕದು ಸಾಕು, ಫೋನಿಗೆ ಸೇರುತ್ತದೆ. ಅದರಲ್ಲಿ 'ಯಾವ ಕೋಡೂ ಇಲ್ಲ' ಅಂತ ಬಂದರೆ ಅಲ್ಲಿಗೇ ನಿಲ್ಲಬೇಡಿ. ಮಾರುವವರು ನಿನ್ನೆ ರಾತ್ರಿ ಅಳಿಸಿರಬಹುದು. 'ರೆಡಿನೆಸ್' ಅಂತ ಒಂದು ಪುಟ ಇರುತ್ತದೆ. ಕೋಡ್ ಅಳಿಸಿದರೆ ಗಾಡಿ ತನ್ನನ್ನು ತಾನು ಮತ್ತೆ ಪರೀಕ್ಷೆ ಮಾಡಿಕೊಳ್ಳಲು ಒಂದಷ್ಟು ದಿನದ ಓಡಾಟ ಬೇಕು, ಅಲ್ಲಿಯವರೆಗೆ ಆ ಪುಟದಲ್ಲಿ 'ಮುಗಿದಿಲ್ಲ' ಅಂತಲೇ ತೋರಿಸುತ್ತಿರುತ್ತದೆ. ಬ್ಯಾಟರಿ ಬಿಚ್ಚಿದರೂ ಹೀಗಾಗುತ್ತದೆ ನಿಜ, ಆದರೆ ಗಾಡಿ ಮಾರುವ ಹಿಂದಿನ ದಿನ ಬ್ಯಾಟರಿ ಯಾಕೆ ಬಿಚ್ಚಿದರು ಅಂತ ಕೇಳಬಹುದಲ್ವಾ? ಗಾಡಿಯ ಗುರುತಾದ 17 ಅಕ್ಷರದ ವಿಐಎನ್ ನಂಬರ್ ಬರೆದುಕೊಂಡು, ರೀಕಾಲ್ ಕೆಲಸ ಬಾಕಿ ಇದೆಯಾ ಅಂತ ಕಂಪನಿಯಲ್ಲಿ ವಿಚಾರಿಸಿ. ಇಷ್ಟಾದ ಮೇಲೂ ನಿಮ್ಮದೇ ಮೆಕ್ಯಾನಿಕ್‌ಗೆ ಒಂದು ಗಂಟೆಯ ಕೂಲಿ ಕೊಟ್ಟು ಲಿಫ್ಟ್ ಮೇಲೆ ಏರಿಸಿ ತೋರಿಸಿ. ಅದಕ್ಕೆ ಒಪ್ಪದವರ ಗಾಡಿ ಬೇಡ.

ಪ್ರಶ್ನೆ: ಆಲ್ ವೀಲ್ ಡ್ರೈವ್ ಬೇಕಾ?

ಉತ್ತರ: ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ವ್ಯವಸ್ಥೆ ಅದು. ಹಿಮ, ಕೆಸರು, ಜಾರುವ ಏರು ನಿಮ್ಮ ದಿನದ ದಾರಿಯಲ್ಲಿ ಇದ್ದರೆ ಬೇಕು. ಇಲ್ಲದಿದ್ದರೆ ಅದು ಬರೀ ಭಾರ, ಜೊತೆಗೆ ಇಂಧನದ ಖರ್ಚು. ಅದು ಗಾಡಿ ಹೊರಡೋಕೆ ಸಹಾಯ ಮಾಡುತ್ತದೆ, ನಿಲ್ಲೋಕಲ್ಲ. ಹಳೆಯದು ಕೊಳ್ಳುವಾಗ ನಾಲ್ಕೂ ಟೈರು ಒಂದೇ ಕಂಪನಿಯದ್ದಾ, ಒಂದೇ ಸವೆತವಾ ನೋಡಿ. ಒಂದು ಟೈರು ಮಾತ್ರ ಹೊಸದಿದ್ದರೆ ಸುತ್ತಳತೆಯ ವ್ಯತ್ಯಾಸದಿಂದ ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ಕ್ಲಚ್ ಸದಾ ಉಜ್ಜುತ್ತಾ ಬಿಸಿಯಾಗುತ್ತಿರುತ್ತದೆ.

ಪ್ರಶ್ನೆ: ಆರು ವರ್ಷದ ಹೈಬ್ರಿಡ್ ಕ್ರಾಸ್‌ಓವರ್ ನೋಡಿದ್ದೇವೆ. ಬ್ಯಾಟರಿ ಹೋದರೆ ಗತಿಯೇನು ಅಂತ ಮನೆಯವರು ಹೆದರಿದ್ದಾರೆ.

ಉತ್ತರ: ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಗಾಡಿಯೇ ಹೈಬ್ರಿಡ್. ಟೊಯೋಟಾ ಮಾದರಿಯದ್ದಾದರೆ ಅಷ್ಟು ಹೆದರಬೇಡಿ. 1997ರ ಪ್ರಿಯಸ್‌ನಿಂದ ನಡೆದುಕೊಂಡು ಬಂದ ವ್ಯವಸ್ಥೆ ಅದು. 'ಇ-ಸಿವಿಟಿ' ಅಂತ ಹೆಸರು ನೋಡಿ ಮೇಲೆ ಹೇಳಿದ ಸಿವಿಟಿ ಅಂದುಕೊಳ್ಳಬೇಡಿ. ಅದರಲ್ಲಿ ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ಒಂದು ಪ್ಲಾನೆಟರಿ ಗೇರ್ ಸೆಟ್ಟು (ನಡುವಿನ ಗೇರಿನ ಸುತ್ತ ಪುಟ್ಟ ಗೇರುಗಳು), ಎರಡು ಮೋಟರು. ಸ್ಟಾರ್ಟರ್ ಮೋಟರ್, ಆಲ್ಟರ್ನೇಟರ್ ಕೂಡ ಬೇರೆ ಇರೋದಿಲ್ಲ. ಬ್ರೇಕ್ ಪ್ಯಾಡ್ ಸವೆಯೋದೂ ನಿಧಾನ. ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಎಳೆಯುವ ಕಿಂಡಿ ಇರುತ್ತದೆ, ಅದರ ಫಿಲ್ಟರು ಧೂಳು, ನಾಯಿಕೂದಲು ಕಟ್ಟಿಕೊಂಡಿದೆಯಾ ನೋಡಿ. ಬ್ಯಾಟರಿ ಬೇಗ ಸಾಯೋದಕ್ಕೆ ಬಿಸಿಯೇ ದೊಡ್ಡ ಕಾರಣ. ಹೈಬ್ರಿಡ್ ಬ್ಯಾಟರಿಗೆ ಬಹಳ ಕಂಪನಿಗಳು ಗಾಡಿಗಿಂತ ಉದ್ದದ ವಾರಂಟಿ ಕೊಡುತ್ತವೆ, ಎಷ್ಟು ಉಳಿದಿದೆ, ನಿಮ್ಮ ಹೆಸರಿಗೆ ಬರುತ್ತದಾ ಅಂತ ಬರವಣಿಗೆಯಲ್ಲೇ ಕೇಳಿ. ರಸ್ತೆಗೆ ಉಪ್ಪು ಹಾಕುವ ಕಡೆ ಓಡಿದ 2019ರ ಸುಮಾರಿನ ಆರ್‌ಎವಿ4 ಹೈಬ್ರಿಡ್ ಆದರೆ, ಕೆಳಗಿನಿಂದ ಹಿಂದಿನ ಮೋಟರಿಗೆ ಹೋಗುವ ಕಿತ್ತಳೆ ಬಣ್ಣದ ಕೇಬಲ್ಲಿನ ಕೊನೆ ತುಕ್ಕು ಹಿಡಿದಿದೆಯಾ ಅಂತ ಖಂಡಿತ ತೋರಿಸಿ.

ಪ್ರಶ್ನೆ: ಕ್ರ್ಯಾಶ್ ಟೆಸ್ಟ್‌ನಲ್ಲಿ 5 ಸ್ಟಾರ್ ಸಿಕ್ಕಿದ ಹಳೇ ಗಾಡಿ, 3 ಸ್ಟಾರ್ ಸಿಕ್ಕಿದ ಹೊಸ ಗಾಡಿ. ಹಳೆಯದೇ ಸುರಕ್ಷಿತ ತಾನೆ?

ಉತ್ತರ: ಹಾಗೆ ಹೇಳೋಕಾಗಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆ ವರ್ಷ ವರ್ಷಕ್ಕೆ ಕಷ್ಟವಾಗುತ್ತಾ ಬಂದಿದೆ. ಫಿಯಟ್ ಪುಂಟೊಗೆ ಯುರೋಪಿನ ಕ್ರ್ಯಾಶ್ ಟೆಸ್ಟ್ ಸಂಸ್ಥೆ ಯುರೋ ಎನ್‌ಕ್ಯಾಪ್‌ನಲ್ಲಿ 2005ರಲ್ಲಿ ಐದು ಸ್ಟಾರ್ ಬಂದಿತ್ತು, 2017ರಲ್ಲಿ ಅದೇ ಕಾರಿಗೆ ಸೊನ್ನೆ. ಅದೇ 2017ರಲ್ಲಿ ಡಾಸಿಯಾ ಡಸ್ಟರ್‌ಗೆ ಮೂರು ಸ್ಟಾರ್ ಬಂದಾಗ ಜನ ನಕ್ಕರು, ಆದರೆ ಆ ಮೂರನ್ನು 2005ರ ಐದರ ಪಕ್ಕ ಇಟ್ಟು ಹೋಲಿಸೋದು ನ್ಯಾಯವಲ್ಲ. ಸ್ಟಾರಿನ ಪಕ್ಕದಲ್ಲಿ ವರ್ಷ ನೋಡಿ, ಹಾಗೇ ಪರೀಕ್ಷೆ ಮಾಡಿದ ಗಾಡಿಯಲ್ಲಿದ್ದ ಏರ್‌ಬ್ಯಾಗು ನಿಮಗೆ ಸಿಗುವ ಬೇಸ್ ಮಾಡೆಲ್‌ನಲ್ಲೂ ಇದೆಯಾ ಅಂತ ನೋಡಿ.

ಪ್ರಶ್ನೆ: ನನಗಿಷ್ಟದ ಕ್ರಾಸ್‌ಓವರಿನ ಹೊಸ ಅವತಾರ ಮುಂದಿನ ತಿಂಗಳು ಬರ್ತಾ ಇದೆ. ಮೊದಲ ದಿನವೇ ಬುಕ್ ಮಾಡಲಾ?

ಉತ್ತರ: ನಾನಾದರೆ ಒಂದು ವರ್ಷ ಕಾಯುತ್ತೇನೆ. ಮೇಲೆ ಅಷ್ಟು ಹೊಗಳಿದೆನಲ್ಲ, ಅದೇ ಸಿಎಕ್ಸ್-5ಗೆ 2018ರ ಮಾಡೆಲ್‌ನಲ್ಲಿ ಎರಡು ಸಿಲಿಂಡರ್ ಆಗಾಗ ಮಲಗಿಸಿ ಪೆಟ್ರೋಲ್ ಉಳಿಸುವ ಹೊಸ ವ್ಯವಸ್ಥೆ ಸೇರಿಸಿದರು. ಅದರ ಸಾಫ್ಟ್‌ವೇರ್ ತಪ್ಪಿನಿಂದ ವಾಲ್ವ್ ಒತ್ತುವ ರಾಕರ್ ಆರ್ಮ್ ಕಳಚಿಬೀಳುವ ಅಪಾಯವಿತ್ತು. 2019ರಲ್ಲಿ ಗಾಡಿಗಳನ್ನು ಕರೆಸಿ ಸಾಫ್ಟ್‌ವೇರ್ ಬದಲಿಸಿದರು. ತಡೆದುಕೊಳ್ಳೋಕೆ ಆಗೋದೇ ಇಲ್ಲ ಅಂದರೆ ಬುಕ್ ಮಾಡಿ, ಹೊಸ ಬಾಡಿಯೊಳಗೆ ಹಳೇ ಎಂಜಿನ್, ಹಳೇ ಗೇರ್‌ಬಾಕ್ಸ್ ಮುಂದುವರಿದಿದ್ದರೆ ಅದನ್ನೇ ಆರಿಸಿ. ಬುಕಿಂಗ್ ದುಡ್ಡು ವಾಪಸ್ ಬರುತ್ತದಾ ಅಂತ ಸಹಿ ಹಾಕೋ ಮೊದಲು ಕೇಳಿ.